‘ಪ್ರೊಡಕ್ಷನ್’ ಎಂಬ ಮಾತಿನ ಹಲವು ಅರ್ಥಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಕಾರ್ಖಾನೆ, ಗಾಂಧಿನಗರದ ಸಿನಿಮಾ ಕಚೇರಿ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ: ಬೆಂಗಳೂರಿನಲ್ಲಿ ಈ ನಾಲ್ಕು ಕಡೆಯೂ ‘ಪ್ರೊಡಕ್ಷನ್’ ಎಂಬ ಮಾತು ದಿನವಿಡೀ ಕಿವಿಗೆ ಬೀಳುತ್ತದೆ, ನಾಲ್ಕು ಕಡೆಯೂ ಅದರ ಅರ್ಥ ಬೇರೆ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಬಂದವರು, ಅನುವಾದ ಮಾಡುವವರು ಮತ್ತು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಒಂದೇ ಮಾತಿಗೆ ಇಷ್ಟೊಂದು ಅರ್ಥಗಳು ಬಂದದ್ದು ಹೇಗೆ?

ಇಂಗ್ಲಿಷಿಗೆ ಈ ಪದ ಲ್ಯಾಟಿನ್ನಿನಿಂದ ಬಂತು. ಅಲ್ಲಿ ಅದರ ಮೂಲಕ್ಕೆ ‘ಮುಂದಕ್ಕೆ ತರು’ ಎಂಬ ಅರ್ಥವಿದೆ. ಮುಂದಕ್ಕೆ ತರುವುದರಲ್ಲಿ ಎರಡು ಬಗೆಯುಂಟು. ಇಲ್ಲದ ವಸ್ತುವನ್ನು ಉಂಟುಮಾಡುವುದು ಒಂದು, ಎಲ್ಲೋ ಇರುವುದನ್ನು ಇನ್ನೊಬ್ಬರ ಎದುರಿಗೆ ತಂದು ನಿಲ್ಲಿಸುವುದು ಇನ್ನೊಂದು. ಕಾರ್ಖಾನೆ, ಕೃಷಿ ಮತ್ತು ವಿದ್ಯುತ್ ಕ್ಷೇತ್ರಗಳ ಬಳಕೆ ಮೊದಲನೆಯ ಬಗೆಗೆ ಸೇರಿದ್ದು. ನ್ಯಾಯಾಲಯದ್ದು ಪೂರ್ತಿಯಾಗಿ ಎರಡನೆಯದು. ಸಿನಿಮಾ ಮತ್ತು ರಂಗಭೂಮಿ ಎರಡಕ್ಕೂ ಕಾಲು ಚಾಚಿವೆ. ಸಾಫ್ಟ್‌ವೇರಿನವರ ‘ಪ್ರೊಡಕ್ಷನ್’ ಕೂಡ, ಅದನ್ನು ದಿನವೂ ಬಳಸುವ ಬಹಳ ಜನ ಎಣಿಸಿರುವುದಕ್ಕಿಂತ, ನ್ಯಾಯಾಲಯದ ಅರ್ಥಕ್ಕೇ ಹತ್ತಿರವಾಗಿದೆ.

ಈ ಎಲ್ಲ ಬಳಕೆಗಳಲ್ಲೂ ಕಾಣುವ ಒಂದು ಸಂಗತಿಯಿದೆ. ಪ್ರತಿ ಕ್ಷೇತ್ರವೂ ಎಲ್ಲೋ ಒಂದು ಗೆರೆ ಎಳೆದುಕೊಂಡಿರುತ್ತದೆ. ಗೆರೆಯ ಈಚೆಗೆ ಎಷ್ಟೇ ಕೆಲಸ ನಡೆದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ದಾಟಿದೊಡನೆ ಲೆಕ್ಕಕ್ಕೂ ಬರುತ್ತದೆ, ಅದಕ್ಕೊಬ್ಬ ಹೊಣೆಗಾರನೂ ಹುಟ್ಟಿಕೊಳ್ಳುತ್ತಾನೆ. ಆದ್ದರಿಂದ ಈ ಮಾತು ಕಿವಿಗೆ ಬಿದ್ದಾಗ ಗೆರೆ ಎಲ್ಲಿದೆ, ಹೊಣೆ ಯಾರದ್ದು ಎಂದು ಕೇಳಿಕೊಂಡರೆ ಹೆಚ್ಚಿನ ಗೊಂದಲಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಉತ್ಪಾದನೆ, ಉತ್ಪತ್ತಿ, ತಯಾರಿಕೆ, ನಿರ್ಮಾಣ: ಯಾವುದನ್ನು ಎಲ್ಲಿ ಬಳಸಬೇಕು?

ಕೆಲಸಕ್ಕೆ ‘ಉತ್ಪಾದನೆ’, ಕೆಲಸದಿಂದ ಬಂದ ವಸ್ತುವಿಗೆ ‘ಉತ್ಪನ್ನ’ ಎನ್ನುವುದು ಸಾಮಾನ್ಯ ರೂಢಿ. ತಾನಾಗಿ ಹುಟ್ಟುವುದಕ್ಕೂ ಜಮೀನಿನಿಂದ ಬರುವ ಆದಾಯಕ್ಕೂ ‘ಉತ್ಪತ್ತಿ’ ಎನ್ನುತ್ತೇವೆ. ‘ತೋಟದ ಉತ್ಪತ್ತಿ’ ಎಂದರೆ ಕೇಳುವವರಿಗೆ ಫಸಲು ಮತ್ತು ಹಣ ಎರಡೂ ಒಟ್ಟಿಗೆ ಹೊಳೆಯುತ್ತವೆ. ‘ತಯಾರಿಕೆ’ ವಸ್ತುಗಳಿಗೆ ಸೀಮಿತ, ಆದ್ದರಿಂದ ವಿದ್ಯುತ್ತನ್ನು ಯಾರೂ ತಯಾರಿಸುವುದಿಲ್ಲ, ಉತ್ಪಾದಿಸುತ್ತಾರೆ. ಕಟ್ಟಡಕ್ಕೂ ಸಿನಿಮಾಕ್ಕೂ ‘ನಿರ್ಮಾಣ’. ಈ ವಿಂಗಡಣೆ ಕನ್ನಡದಲ್ಲಿ ಸಾಕಷ್ಟು ಗಟ್ಟಿಯಾಗಿದೆ. ಯಂತ್ರಾನುವಾದವನ್ನು ನೆಚ್ಚಿಕೊಂಡು ಎಲ್ಲ ಕಡೆಯೂ ‘ಉತ್ಪಾದನೆ’ ಎಂದು ತುಂಬಿದರೆ ‘ಆರೋಪಿಯ ಉತ್ಪಾದನೆ’ಯಂತಹ ವಿಪರೀತಗಳು ಹುಟ್ಟುತ್ತವೆ.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ‘ಈ ಗಂಟೆಯ ಪ್ರೊಡಕ್ಷನ್ ಎಷ್ಟು?’ ಎಂದು ಕೇಳಿದಾಗ ಏನನ್ನು ಎಣಿಸುತ್ತಾರೆ?

ಹೊಲಿಗೆ ಲೈನಿನ ಕೊನೆಯಲ್ಲಿ, ಚೆಕ್ಕಿಂಗ್ ಮೇಜಿನಲ್ಲಿ ಪಾಸಾದ ಪೀಸುಗಳನ್ನು ಮಾತ್ರ ಎಣಿಸುತ್ತಾರೆ. ಕಾಲರ್ ಕೂರಿಸಿ, ತೋಳು ಜೋಡಿಸಿ, ಕಾಜಾ ಒಂದು ಬಾಕಿ ಇರುವ ಅಂಗಿಗಳು ಬಂಡಲ್ ಬಂಡಲಾಗಿ ಲೈನಿನ ನಡುವೆ ಕುಳಿತಿದ್ದರೂ ಆ ಗಂಟೆಯ ಲೆಕ್ಕದಲ್ಲಿ ಅವು ಸೊನ್ನೆ. ಹೊಲಿಗೆ ಬಿಟ್ಟಿದೆಯೆಂದೋ ಎಣ್ಣೆಯ ಕಲೆ ಬಿದ್ದಿದೆಯೆಂದೋ ಆಲ್ಟರ್‌ಗೆ, ಅಂದರೆ ತಿದ್ದುವುದಕ್ಕೆ, ಹಿಂದಿರುಗಿದ ಪೀಸೂ ಅಷ್ಟೆ. ಸರಿಯಾಗಿ ಮರಳಿ ಬಂದು ಪಾಸಾದ ಗಂಟೆಯಲ್ಲಿ ಅದಕ್ಕೆ ಲೆಕ್ಕ. ಲೈನಿನ ತುದಿಯಲ್ಲಿ ತೂಗುಹಾಕಿರುವ ಬೋರ್ಡಿನಲ್ಲಿ ಗಂಟೆಗೊಂದು ಸಾಲಿರುತ್ತದೆ: ಟಾರ್ಗೆಟ್ ಎಷ್ಟು, ಬಂದದ್ದೆಷ್ಟು, ಕೊರತೆ ಎಷ್ಟು. ಸೂಪರ್‌ವೈಸರ್ ಮಾತಿನ ಬಿಸಿ ಏರುವುದೂ ಇಳಿಯುವುದೂ ಆ ಮೂರನೆಯ ಅಂಕಣವನ್ನು ನೋಡಿಕೊಂಡೇ.

ಇಲ್ಲಿ ಒಂದು ಅನ್ಯಾಯವೂ ಅಡಗಿದೆ. ಲೈನಿನ ನಡುವೆ ಕುಳಿತು ತೋಳು ಜೋಡಿಸುವ ಟೈಲರ್ ತನ್ನ ಪಾಲಿನ ಆಪರೇಷನ್ನನ್ನು ಹೇಳಿದಷ್ಟು ಸಲ ಮುಗಿಸಿರಬಹುದು. ಆದರೆ ಅವಳ ಮುಂದಿನ ಯಂತ್ರದಲ್ಲಿ ಸೂಜಿ ಮುರಿದರೆ, ಅಥವಾ ಅಲ್ಲಿಯ ಕೆಲಸಗಾರ್ತಿ ಅಂದು ರಜೆ ಹಾಕಿದ್ದರೆ, ಲೈನಿನ ಪ್ರೊಡಕ್ಷನ್ ಬೀಳುತ್ತದೆ; ಬೈಗುಳ ಮಾತ್ರ ಇಡೀ ಲೈನಿಗೆ ಹಂಚಿಕೆಯಾಗುತ್ತದೆ. ಯಂತ್ರಗಳ ನಡುವೆ ಕೆಲಸವನ್ನು ಸರಿಸಮವಾಗಿ ಹಂಚುವ ವಿದ್ಯೆಗೆ ‘ಲೈನ್ ಬ್ಯಾಲೆನ್ಸಿಂಗ್’ ಎಂದು ಹೆಸರು. ಅದು ಚೆನ್ನಾಗಿ ನಡೆಯದ ಕಡೆ ಕೊನೆಯ ಮೇಜಿನ ಸಂಖ್ಯೆಯನ್ನು ಒಬ್ಬೊಬ್ಬರ ದುಡಿಮೆಯ ಅಳತೆಯೆಂದು ತಿಳಿಯುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಉತ್ಪಾದನೆ ಹೆಚ್ಚಿದರೆ ಉತ್ಪಾದಕತೆಯೂ ಹೆಚ್ಚಿದಂತೆ ತಾನೆ?

ಹಾಗೇನಿಲ್ಲ. ಉತ್ಪಾದನೆ ಒಟ್ಟು ಮೊತ್ತ. ಉತ್ಪಾದಕತೆ ಎಂದರೆ ಹೂಡಿದ ದುಡಿಮೆ, ಸಮಯ ಅಥವಾ ಬಂಡವಾಳದ ಪ್ರತಿ ಘಟಕಕ್ಕೆ ಬಂದ ಫಲ. ನಲವತ್ತು ಜನ ಎಂಟು ಗಂಟೆಯಲ್ಲಿ 400 ಪೀಸು ಕೊಡುತ್ತಿದ್ದ ಲೈನು ಎರಡು ಗಂಟೆ ಓವರ್‌ಟೈಮ್ ಮಾಡಿ 460 ಕೊಟ್ಟರೆ ಉತ್ಪಾದನೆ ಏರಿತು. ಆದರೆ ಗಂಟೆಗೆ 50 ಇದ್ದದ್ದು 46ಕ್ಕೆ ಇಳಿಯಿತು.

ಮಾದರಿ ಸಿದ್ಧವಾದರೆ ಉತ್ಪಾದನೆ ಆರಂಭವಾಯಿತು ಎನ್ನಬಹುದೆ?

ವಿಮಾನ ಕಾರ್ಖಾನೆ ಇರುವ ಊರಿನವರು ಈ ಪ್ರಶ್ನೆಗೆ ಬೇರೆಲ್ಲೂ ಉದಾಹರಣೆ ಹುಡುಕಬೇಕಾಗಿಲ್ಲ. ತೇಜಸ್ ಲಘು ಯುದ್ಧವಿಮಾನದ ಮೊದಲ ಹಾರಾಟ ನಡೆದದ್ದು 2001ರ ಜನವರಿ 4ರಂದು, ಬೆಂಗಳೂರಿನ ಆಕಾಶದಲ್ಲಿ. ವಾಯುಪಡೆಯ ಮೊದಲ ತೇಜಸ್ ಸ್ಕ್ವಾಡ್ರನ್ ಇದೇ ಊರಿನಲ್ಲಿ ರೂಪುಗೊಂಡದ್ದು 2016ರ ಜುಲೈ 1ರಂದು. ನಡುವಿನ ಹದಿನೈದು ವರ್ಷಗಳಲ್ಲಿ ವಿಮಾನ ಇರಲಿಲ್ಲವೆಂದಲ್ಲ. ಪ್ರಯೋಗದ ವಿಮಾನಗಳು ಹಾರುತ್ತಲೇ ಇದ್ದವು, ಸೀಮಿತ ಸರಣಿ ಉತ್ಪಾದನೆಯ ಮೊದಲ ವಿಮಾನ 2007ರಲ್ಲೇ ಮೇಲೇರಿತು. ಒಂದು ಮಾದರಿಯನ್ನು ನುರಿತ ಕೆಲಸಗಾರರು ಕೈಯಾರೆ ತಿದ್ದಿ ತೀಡಿ ಹಾರಿಸಬಹುದು. ಉತ್ಪಾದನೆ ಎನ್ನಬೇಕಾದರೆ ಹತ್ತನೆಯ ವಿಮಾನದ ಬಾಗಿಲು ಹನ್ನೊಂದನೆಯದಕ್ಕೂ ಕೂರಬೇಕು, ಬಿಡಿಭಾಗಗಳ ಪೂರೈಕೆ ತಪ್ಪಬಾರದು, ಪರೀಕ್ಷೆಯ ದಾಖಲೆಗಳು ಪ್ರತಿಯೊಂದಕ್ಕೂ ಇರಬೇಕು, ಮತ್ತು ಅದನ್ನು ಸಿದ್ಧಪಡಿಸುವ ವಿಧಾನವು ವಿನ್ಯಾಸಕಾರನ ತಲೆಯಿಂದ ಇಳಿದು ಶಾಪ್ ಫ್ಲೋರಿನ ಕಾಗದದ ಮೇಲೆ ಬಂದಿರಬೇಕು.

ಸಾಫ್ಟ್‌ವೇರಿನವರು ‘ಪ್ರೊಡಕ್ಷನ್‌ಗೆ ಹೋಯಿತು’ ಎಂದಾಗ ಏನು ಎಲ್ಲಿಗೆ ಹೋಗುತ್ತದೆ?

ಬರೆದ ಪ್ರೋಗ್ರಾಮು ನಿಜವಾದ ಬಳಕೆದಾರರು ಮುಟ್ಟುವ ಜಾಗಕ್ಕೆ ಹೋಗುತ್ತದೆ. ಒಂದೇ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಕೆಲವು ಪ್ರತ್ಯೇಕ ಪರಿಸರಗಳಿರುತ್ತವೆ: ಬರೆಯುವವರ ಡೆವಲಪ್‌ಮೆಂಟ್, ಪರೀಕ್ಷಕರ ಟೆಸ್ಟ್, ಅಂತಿಮ ತಾಲೀಮಿನ ಸ್ಟೇಜಿಂಗ್, ಕೊನೆಗೆ ಪ್ರೊಡಕ್ಷನ್, ಆಡುಮಾತಿನಲ್ಲಿ ‘ಪ್ರಾಡ್’. ನಾಲ್ಕರಲ್ಲೂ ಇರುವ ಕೋಡ್ ಒಂದೇ ಆಗಿರಬಹುದು, ಸರ್ವರ್‌ಗಳೂ ಒಂದೇ ಬಗೆಯವಾಗಿರಬಹುದು. ವ್ಯತ್ಯಾಸವಿರುವುದು ದತ್ತಾಂಶದಲ್ಲಿ ಮತ್ತು ಪರಿಣಾಮದಲ್ಲಿ. ಟೆಸ್ಟಿನಲ್ಲಿ ಹತ್ತು ಸಾವಿರ ರೂಪಾಯಿ ತಪ್ಪು ಖಾತೆಗೆ ಹೋದರೆ ಒಂದು ದೂರು ದಾಖಲಾಗುತ್ತದೆ, ಪ್ರಾಡ್‌ನಲ್ಲಿ ಹೋದರೆ ಯಾರದೋ ಮನೆಯ ಬಾಡಿಗೆ ನಿಲ್ಲುತ್ತದೆ.

ಈ ಹೆಸರು ಬಂದದ್ದು ದೊಡ್ಡ ಗಣಕಯಂತ್ರಗಳ ಕಾಲದಿಂದ. ಸಂಬಳದ ಪಟ್ಟಿ, ಬಿಲ್ಲು ಮೊದಲಾದವನ್ನು ನಿಯಮಿತವಾಗಿ ಮುದ್ರಿಸುವ ಓಟವನ್ನು ಪ್ರಯೋಗದ ಓಟದಿಂದ ಬೇರ್ಪಡಿಸಲು ‘ಪ್ರೊಡಕ್ಷನ್ ರನ್’ ಎನ್ನುತ್ತಿದ್ದರು. ಆಗ ಕೊನೆಯಲ್ಲಿ ಕಾಗದವಾದರೂ ಹೊರಬರುತ್ತಿತ್ತು, ಆದ್ದರಿಂದ ಕಾರ್ಖಾನೆಯ ಮಾತು ಒಪ್ಪುತ್ತಿತ್ತು. ಈಗ ಪ್ರಾಡ್ ಏನನ್ನೂ ಉತ್ಪಾದಿಸುವುದಿಲ್ಲ. ಮೊದಲೇ ಸಿದ್ಧವಾದದ್ದನ್ನು ಜನರ ಮುಂದೆ ನಿಲ್ಲಿಸುತ್ತದೆ. ಆದ್ದರಿಂದ ಇದನ್ನು ಕನ್ನಡದಲ್ಲಿ ಹೇಳಬೇಕಾದವರು ‘ಚಾಲ್ತಿ ವ್ಯವಸ್ಥೆ’ ಎಂದೋ ‘ಬಳಕೆಯ ವ್ಯವಸ್ಥೆ’ ಎಂದೋ ಬರೆಯಬಹುದು. ‘ಉತ್ಪಾದನಾ ಪರಿಸರ’ ಎಂದರೆ ಓದುಗನಿಗೆ ಹೊಗೆ ಕೊಳವೆ ನೆನಪಾಗುತ್ತದೆ.

ಗೆರೆ ದಾಟುವ ಭಯ ಈ ಕ್ಷೇತ್ರದ ಸಣ್ಣ ಸಣ್ಣ ಅಭ್ಯಾಸಗಳಲ್ಲೂ ಕಾಣುತ್ತದೆ. ಎರಡು ಕಿಟಕಿ ತೆರೆದುಕೊಂಡು ಕೆಲಸ ಮಾಡುವ ಎಂಜಿನಿಯರ್, ಟೆಸ್ಟ್ ಎಂದು ಭಾವಿಸಿ ಪ್ರಾಡ್‌ನ ಡೇಟಾಬೇಸಿಗೆ ಅಳಿಸುವ ಆಜ್ಞೆ ಕೊಟ್ಟುಬಿಡಬಾರದೆಂದು, ಪ್ರಾಡ್‌ನ ಕಿಟಕಿಯ ಹಿನ್ನೆಲೆಯನ್ನು ಕೆಂಪಾಗಿ ಇಟ್ಟುಕೊಂಡಿರುತ್ತಾನೆ. ಶುಕ್ರವಾರ ಸಂಜೆ ಹೊಸ ಕೋಡನ್ನು ಏರಿಸಬಾರದೆಂಬ ಅಲಿಖಿತ ನಿಯಮ ಎಷ್ಟೋ ತಂಡಗಳಲ್ಲಿದೆ. ಏರಿಸಿದರೂ ಮೊದಲು ನೂರಕ್ಕೆ ಒಬ್ಬಿಬ್ಬರು ಬಳಕೆದಾರರಿಗೆ ಮಾತ್ರ ತೋರಿಸಿ, ಗಂಡಾಂತರ ಕಂಡರೆ ಹಿಂದೆಗೆದುಕೊಳ್ಳುವ ‘ರೋಲ್‌ಬ್ಯಾಕ್’ ದಾರಿಯನ್ನು ಇಟ್ಟುಕೊಂಡಿರುತ್ತಾರೆ.

ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹಾಕಿದವರೇ?

ಸಾಮಾನ್ಯವಾಗಿ ಹೌದು, ಆದರೆ ಕಾನೂನಿನ ಪ್ರಕಾರ ಅಷ್ಟೇ ಸಾಲದು. ನಮ್ಮ ಕೃತಿಸ್ವಾಮ್ಯ ಕಾಯ್ದೆ, ಅಂದರೆ 1957ರ ಕಾಯ್ದೆ, ಚಿತ್ರವನ್ನು ಮಾಡುವ ಮುತುವರ್ಜಿ ಮತ್ತು ಹೊಣೆಯನ್ನು ವಹಿಸಿಕೊಂಡವರೇ ನಿರ್ಮಾಪಕರು ಎನ್ನುತ್ತದೆ. ಹಣ ಯಾರದ್ದೆಂಬುದು ಆ ವ್ಯಾಖ್ಯೆಯಲ್ಲಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಅದೇ ಕಾಯ್ದೆಯ ದೃಷ್ಟಿಯಲ್ಲಿ ಸಿನಿಮಾದ ‘ಕರ್ತೃ’ ನಿರ್ದೇಶಕರಲ್ಲ, ನಿರ್ಮಾಪಕರು. ಬಡ್ಡಿಗೆ ಸಾಲ ಕೊಟ್ಟ ಫೈನಾನ್ಷಿಯರ್ ನಿರ್ಮಾಪಕರಾಗುವುದಿಲ್ಲ. ‘ಅರ್ಪಿಸುವ’ ಎಂಬ ಸಾಲಿನಲ್ಲಿ ಹೆಸರಿರುವವರು ನಿರ್ಮಾಪಕರಾಗಿರಲೇಬೇಕೆಂದೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದನ್ನು ನಿರ್ಮಿಸಿದ ಚಮನ್‌ಲಾಲ್ ಡುಂಗಾಜಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದವರು, ಚಿತ್ರೀಕರಣ ನಡೆದದ್ದು ಮಾತ್ರ ಕೊಲ್ಹಾಪುರದಲ್ಲಿ. ಹಣ, ಜಾಗ, ಭಾಷೆ ಮೂರೂ ಒಂದೊಂದು ದಿಕ್ಕಿನಲ್ಲಿದ್ದಾಗ ಅವನ್ನು ಒಂದೆಡೆ ಕೂಡಿಸುವುದೇ ನಿರ್ಮಾಪಕನ ಕೆಲಸ.

ಹಂತಗಳ ಹೆಸರಾಗಿಯೂ ಈ ಮಾತು ಬರುತ್ತದೆ. ಕಥೆ, ತಾರಾಗಣ, ಸ್ಥಳಗಳ ಆಯ್ಕೆ ಪ್ರೀ-ಪ್ರೊಡಕ್ಷನ್. ಮುಹೂರ್ತದಿಂದ ಕುಂಬಳಕಾಯಿ ಒಡೆಯುವವರೆಗೆ ಪ್ರೊಡಕ್ಷನ್. ಅನಂತರದ ಸಂಕಲನ, ಡಬ್ಬಿಂಗ್, ಹಿನ್ನೆಲೆ ಸಂಗೀತ, ಬಣ್ಣ ಹೊಂದಿಕೆಗಳೆಲ್ಲ ಪೋಸ್ಟ್-ಪ್ರೊಡಕ್ಷನ್. ಪತ್ರಿಕೆಗಳಲ್ಲಿ ‘ಚಿತ್ರಕ್ಕೆ ಕುಂಬಳಕಾಯಿ’ ಎಂದು ಓದಿದವರು ಚಿತ್ರ ಮುಗಿಯಿತೆಂದು ತಿಳಿಯುತ್ತಾರೆ. ಎಷ್ಟೋ ಚಿತ್ರಗಳ ನಿಜವಾದ ಸಂಕಟ, ಹಣದ್ದೂ ಸೇರಿ, ಆರಂಭವಾಗುವುದೇ ಆಮೇಲೆ.

ಹಾಗಾದರೆ ಶೂಟಿಂಗ್ ಸೆಟ್ಟಿನಲ್ಲಿ ‘ಪ್ರೊಡಕ್ಷನ್, ನೀರು!’ ಎಂದು ಕೂಗುವುದೇಕೆ?

ಸೆಟ್ಟಿನಲ್ಲಿ ‘ಪ್ರೊಡಕ್ಷನ್’ ಎಂದರೆ ಊಟ, ತಿಂಡಿ, ಕಾಫಿ, ನೀರು, ಕುರ್ಚಿಗಳನ್ನು ನೋಡಿಕೊಳ್ಳುವ ತಂಡ. ನಿರ್ಮಾಪಕರ ವತಿಯಿಂದ ಬರುವ ಸೌಕರ್ಯವಾದ್ದರಿಂದ ಈ ಹೆಸರು ಅಂಟಿಕೊಂಡಿದೆ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಬಂದು, ಪಾತ್ರೆ ತೊಳೆದು ಎಲ್ಲರಿಗಿಂತ ಕೊನೆಯಲ್ಲಿ ಹೋಗುವ ‘ಪ್ರೊಡಕ್ಷನ್ ಹುಡುಗರ’ ಪೈಕಿ ಐವತ್ತು ದಾಟಿದವರೂ ಇರುತ್ತಾರೆಂಬುದು ಬೇರೆ ಮಾತು.

ನಾಟಕದವರ ‘ಪ್ರೊಡಕ್ಷನ್’ ಮತ್ತು ‘ಪ್ರಯೋಗ’ ಒಂದೆಯೆ?

ಸಂಬಂಧವಿದೆ, ಆದರೆ ಒಂದೇ ಅಲ್ಲ. ಒಂದು ಪಠ್ಯವನ್ನು ಒಬ್ಬ ನಿರ್ದೇಶಕ, ಒಂದು ತಂಡ, ಒಂದು ವಿನ್ಯಾಸದೊಂದಿಗೆ ರಂಗಕ್ಕೆ ತಂದದ್ದು ಒಂದು ಪ್ರೊಡಕ್ಷನ್. ಅದರ ಪ್ರತಿಯೊಂದು ಪ್ರದರ್ಶನವನ್ನೂ ನಾವು ‘ಪ್ರಯೋಗ’ ಎಂದು ಎಣಿಸುತ್ತೇವೆ: ರವೀಂದ್ರ ಕಲಾಕ್ಷೇತ್ರದಲ್ಲಿ ಮೊದಲ ಪ್ರಯೋಗ, ರಂಗಶಂಕರದಲ್ಲಿ ಐವತ್ತನೆಯದು ಎಂಬಂತೆ. ಅದೇ ಪಠ್ಯವನ್ನು ಇನ್ನೊಂದು ತಂಡ ಎತ್ತಿಕೊಂಡರೆ ಅದು ಬೇರೆಯೇ ಪ್ರೊಡಕ್ಷನ್, ಎಣಿಕೆ ಮತ್ತೆ ಒಂದರಿಂದ. ‘ಉತ್ಪಾದನೆ’ ಎಂಬ ಮಾತು ಕನ್ನಡ ರಂಗಭೂಮಿಗೆ ಎಂದೂ ಒಗ್ಗಿಲ್ಲ. ‘ರಂಗಪ್ರಯೋಗ’, ‘ರಂಗಪ್ರಸ್ತುತಿ’ ಎಂಬವೇ ಸರಿಯಾದ ಪದಗಳು.

ಪೊಲೀಸರು ಆರೋಪಿಯನ್ನು ‘ಪ್ರೊಡ್ಯೂಸ್’ ಮಾಡುವುದು ಎಂದರೇನು?

ನ್ಯಾಯಾಧೀಶರ ಮುಂದೆ ಹಾಜರುಪಡಿಸುವುದು. ಸಂವಿಧಾನದ 22ನೇ ವಿಧಿಯ ಪ್ರಕಾರ, ಬಂಧಿತನಾದ ವ್ಯಕ್ತಿಯನ್ನು ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನದಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ ಈ ನಿಯಮಕ್ಕೆ ರಿಯಾಯಿತಿಯಿಲ್ಲ. ಆದ್ದರಿಂದಲೇ ಭಾನುವಾರವೋ ರಾತ್ರಿಯೋ ಆದರೆ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ಠಾಣೆಯ ನಾಲ್ಕು ಗೋಡೆಗಳ ನಡುವೆ ಇರುವ ಒಬ್ಬ ಮನುಷ್ಯನನ್ನು ಪೊಲೀಸರಲ್ಲದ ಇನ್ನೊಬ್ಬರು ಕಣ್ಣಾರೆ ನೋಡಲಿ, ಮೈಮೇಲೆ ಗಾಯವಿದೆಯೇ, ಬಂಧನಕ್ಕೆ ಕಾರಣ ತಿಳಿಸಿದ್ದಾರೆಯೇ ಎಂದು ಕೇಳಲಿ ಎಂಬುದು ಇದರ ಉದ್ದೇಶ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಪೊಲೀಸ್ ವಶಕ್ಕೆ ಕೊಡುವ ಮುನ್ನ ಆರೋಪಿ ಖುದ್ದಾಗಿ ಎದುರಿಗಿರಲೇಬೇಕೆಂದು ಹೇಳುತ್ತದೆ. ನ್ಯಾಯಾಂಗ ಬಂಧನದ ಮುಂದುವರಿಕೆಗೆ ಮಾತ್ರ ವಿಡಿಯೊ ಮೂಲಕ ಹಾಜರಿ ಸಾಕು.

ಪರಪ್ಪನ ಅಗ್ರಹಾರದ ಜೈಲಿನಲ್ಲಿ ಒಂದು ಪ್ರಕರಣದ ಮೇಲೆ ಇರುವವನನ್ನು ಇನ್ನೊಂದು ಪ್ರಕರಣಕ್ಕಾಗಿ ಕರೆಸಿಕೊಳ್ಳುವ ಆದೇಶವೇ ಪ್ರೊಡಕ್ಷನ್ ವಾರಂಟ್, ನಮ್ಮ ವರದಿಗಾರರ ಮಾತಿನಲ್ಲಿ ‘ಬಾಡಿ ವಾರಂಟ್’. ಅಕ್ರಮ ಬಂಧನದಲ್ಲಿದ್ದಾರೆ ಎನ್ನಲಾದವರಿಗಾಗಿ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ ಹೈಕೋರ್ಟ್ ಹೇಳುವುದೂ ಇದನ್ನೇ: ಆ ವ್ಯಕ್ತಿ ನಿಮ್ಮ ಬಳಿ ಇದ್ದರೆ ಇಲ್ಲಿಗೆ ತನ್ನಿ.

ದಾಖಲೆಯನ್ನು ಪ್ರೊಡ್ಯೂಸ್ ಮಾಡಿದರೆ ಅದು ಸಾಬೀತಾದಂತೆಯೆ?

ಇಲ್ಲ. ಹಾಜರುಪಡಿಸುವುದು ಒಂದು ಹೆಜ್ಜೆ, ಸಾಕ್ಷಿಯ ಮೂಲಕ ಅದಕ್ಕೆ ನಿಶಾನೆ (ಎಕ್ಸಿಬಿಟ್ ಸಂಖ್ಯೆ) ಹಾಕಿಸುವುದು ಇನ್ನೊಂದು, ಅದರೊಳಗಿನ ವಿಷಯ ಸತ್ಯವೆಂದು ನ್ಯಾಯಾಲಯ ಒಪ್ಪುವುದು ಮೂರನೆಯದು. ಪಟ್ಟಿಯೊಂದಿಗೆ ಪಹಣಿ ಮತ್ತು ಕ್ರಯಪತ್ರಗಳನ್ನು ಸಲ್ಲಿಸಿ ಬಂದು ‘ನಮ್ಮ ಕೇಸು ಗೆದ್ದ ಹಾಗೆಯೇ’ ಎಂದು ನಿಶ್ಚಿಂತರಾಗುವ ಕಕ್ಷಿದಾರರಿಗೆ ವಕೀಲರು ಮೊದಲು ಹೇಳಬೇಕಾದ ಮಾತಿದು.

‘ಹಾಲು ಉತ್ಪಾದಕರ ಸಹಕಾರ ಸಂಘ’ ಎನ್ನುತ್ತಾರೆ. ಹಾಲನ್ನು ಉತ್ಪಾದಿಸುವುದು ಹಸುವಲ್ಲವೆ?

ತಮಾಷೆಯ ಪ್ರಶ್ನೆಯಾದರೂ ಉತ್ತರ ಗಂಭೀರವಾದದ್ದು. ಅರ್ಥಶಾಸ್ತ್ರದಲ್ಲಿ ಉತ್ಪಾದಕ ಎಂದರೆ ಉತ್ಪಾದನೆಯ ಪ್ರಕ್ರಿಯೆಯನ್ನು ತನ್ನ ಹಿಡಿತದಲ್ಲಿಟ್ಟುಕೊಂಡು, ಅದರ ಲಾಭನಷ್ಟಕ್ಕೆ ಹೊಣೆಯಾಗುವವನು. ಮೇವು ಹಾಕುವ, ಹಸುವಿಗೆ ಜ್ವರ ಬಂದರೆ ಡಾಕ್ಟರನ್ನು ಕರೆಸುವ, ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದರೆ ದರ ಕಳೆದುಕೊಳ್ಳುವ ರೈತ ಮಹಿಳೆ ಉತ್ಪಾದಕಿ. ಯಾರೂ ಸಾಕದ ಕಾಡಿನ ಪ್ರಾಣಿಯ ಹಾಲು ಈ ಲೆಕ್ಕದಲ್ಲಿ ಉತ್ಪಾದನೆಯಲ್ಲ. ಅಂದಹಾಗೆ, ಸಂಘದ ಪುಸ್ತಕದಲ್ಲಿರುವುದು ಹಾಲಿನ ‘ಶೇಖರಣೆ’. ಮನೆಯ ಕಾಫಿಗೆ, ಕರುವಿಗೆ ಬಿಟ್ಟದ್ದು ಅದರಲ್ಲಿ ಸೇರುವುದಿಲ್ಲ. ಎರಡು ಅಂಕಿಗಳನ್ನು ಬೆರೆಸಿ ಬರೆದ ವರದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ.

ರೇಷ್ಮೆ ಸೀರೆಯೊಂದಕ್ಕೆ ಎಷ್ಟು ಮಂದಿ ಉತ್ಪಾದಕರು? ಅದನ್ನು ಹಲವು ಸಲ ಎಣಿಸಿದಂತಾಗುವುದಿಲ್ಲವೆ?

ಹಿಪ್ಪುನೇರಳೆ ಬೆಳೆದವರು, ಚಾಕಿ (ಎಳೆಯ ರೇಷ್ಮೆಹುಳು) ಸಾಕಿದವರು, ಗೂಡು ಕಟ್ಟಿಸಿ ರಾಮನಗರದ ಮಾರುಕಟ್ಟೆಗೆ ತಂದವರು, ನೂಲು ಬಿಚ್ಚುವ ರೀಲರು, ಹುರಿ ಹಾಕುವವರು, ನೇಕಾರರು: ಎಲ್ಲರೂ ಉತ್ಪಾದಕರೇ. ಒಬ್ಬರ ಉತ್ಪನ್ನ ಮುಂದಿನವರ ಕಚ್ಚಾವಸ್ತು. ಇವರೆಲ್ಲರ ಮಾರಾಟದ ಬೆಲೆಯನ್ನು ಕೂಡಿಸಿದರೆ ಗೂಡಿನ ಬೆಲೆ ಮತ್ತೆ ಮತ್ತೆ ಲೆಕ್ಕಕ್ಕೆ ಬಂದುಬಿಡುತ್ತದೆ. ಆದ್ದರಿಂದ ರಾಷ್ಟ್ರೀಯ ಲೆಕ್ಕದಲ್ಲಿ ಪ್ರತಿ ಹಂತದಲ್ಲಿ ಸೇರಿಸಿದ ಮೌಲ್ಯವನ್ನು ಮಾತ್ರ ಹಿಡಿಯುತ್ತಾರೆ. ಉದಾಹರಣೆಗೆ, ರೀಲರು 3,000 ರೂಪಾಯಿಯ ಗೂಡು ಕೊಂಡು 4,000 ರೂಪಾಯಿಗೆ ನೂಲು ಮಾರಿದರೆ, ವಿದ್ಯುತ್, ಸೌದೆ ಮೊದಲಾದ ಖರೀದಿಯನ್ನೂ ಕಳೆದು ಉಳಿದದ್ದಷ್ಟೇ ಅವರ ಪಾಲಿನ ಕೊಡುಗೆ.

ಮನೆಯಲ್ಲಿ ಮಾಡುವ ಅಡುಗೆ ಉತ್ಪಾದನೆಯೆ?

ಇಲ್ಲಿ ಗೆರೆ ಎಳೆದಿರುವ ಜಾಗ ಬಹಳ ವಿಚಿತ್ರವಾಗಿದೆ. ದೇಶಗಳು ಜಿಡಿಪಿ ಲೆಕ್ಕ ಹಾಕಲು ಅನುಸರಿಸುವ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪತ್ರ ಪದ್ಧತಿಯ ಪ್ರಕಾರ, ಸ್ವಂತ ಬಳಕೆಗೆ ಬೆಳೆದ ರಾಗಿ ಉತ್ಪಾದನೆ. ಅದೇ ರಾಗಿಯಿಂದ ಮನೆಯಲ್ಲಿ ಮುದ್ದೆ ಮಾಡಿದ್ದು ಲೆಕ್ಕಕ್ಕಿಲ್ಲ. ಮಲ್ಲೇಶ್ವರದ ದರ್ಶಿನಿಯಲ್ಲಿ ಬೇಯಿಸಿದ ಇಡ್ಲಿ ಜಿಡಿಪಿಗೆ ಸೇರುತ್ತದೆ, ಪಕ್ಕದ ಮನೆಯಲ್ಲಿ ಬೇಯಿಸಿದ್ದು ಸೇರುವುದಿಲ್ಲ. ಸಂಬಳ ಕೊಟ್ಟು ಅಡುಗೆಯವರನ್ನು ಇಟ್ಟುಕೊಂಡರೆ ಆ ಸಂಬಳ ಸೇರುತ್ತದೆ. ಇನ್ನೂ ವಿಚಿತ್ರವೆಂದರೆ, ಸ್ವಂತ ಮನೆಯಲ್ಲಿ ವಾಸಿಸುವವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಳ್ಳುತ್ತಿದ್ದಾರೆಂದು ಊಹಿಸಿ, ಯಾರ ಕೈಯಿಂದಲೂ ಯಾರ ಕೈಗೂ ಹೋಗದ ಆ ಹಣವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲೇ ಇದಕ್ಕೆ ಒಂದು ಒರೆಗಲ್ಲು ಕೊಟ್ಟಿದ್ದರು: ಒಂದು ಕೆಲಸವನ್ನು ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸಿಕೊಳ್ಳಬಹುದಾದರೆ ಅದು ಉತ್ಪಾದನೆ. ಅಡುಗೆ, ಪಾತ್ರೆ, ಮಗುವಿನ ಆರೈಕೆ ಇದರಲ್ಲಿ ಪಾಸಾಗುತ್ತವೆ. ನಿದ್ದೆ, ಓದು, ವ್ಯಾಯಾಮ ಪಾಸಾಗುವುದಿಲ್ಲ. ಈ ಒರೆಗಲ್ಲೇ ಹೆಚ್ಚು ನ್ಯಾಯವಾದದ್ದೆಂದು ನನಗೆ ತೋರುತ್ತದೆ. ಜಿಡಿಪಿಯ ಗೆರೆಯನ್ನು ಸಮರ್ಥಿಸುವವರು ಮಾರುಕಟ್ಟೆಯ ಬೆಲೆಯಿಲ್ಲದ್ದನ್ನು ಅಳೆಯುವುದು ಕಷ್ಟವೆನ್ನುತ್ತಾರೆ, ಆದರೆ ಊಹೆಯ ಬಾಡಿಗೆಯನ್ನು ಅಳೆಯಲು ಆ ಕಷ್ಟ ಅಡ್ಡಬಂದಿಲ್ಲ. ನಮ್ಮ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ಮತ್ತು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಗಳು, ಸಂಬಳವಿಲ್ಲದ ಮನೆಗೆಲಸದ ಬಹುಪಾಲು ಹೆಂಗಸರ ಮೇಲೆಯೇ ಇರುವುದನ್ನು ಗಂಟೆಗಳ ಲೆಕ್ಕದಲ್ಲಿ ತೋರಿಸಿವೆ. ಜಿಡಿಪಿಯ ಗೆರೆ ಮಾತ್ರ ಇದ್ದಲ್ಲೇ ಇದೆ.

ವಿದ್ಯುತ್ತಿನ ವಿಷಯದಲ್ಲಿ ಸಾಮರ್ಥ್ಯ ಮತ್ತು ಉತ್ಪಾದನೆಗೆ ಏನು ವ್ಯತ್ಯಾಸ?

ಸಾಮರ್ಥ್ಯವನ್ನು ಮೆಗಾವ್ಯಾಟಿನಲ್ಲಿ, ಉತ್ಪಾದನೆಯನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. ಒಂದು ಮೆಗಾವ್ಯಾಟ್ ಪೂರ್ತಿ ಒಂದು ಗಂಟೆ ಹರಿದರೆ 1,000 ಯೂನಿಟ್. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ರಾತ್ರಿ ಅದರ ಉತ್ಪಾದನೆ ಸೊನ್ನೆ. 1902ರಲ್ಲಿ ಶಿವನಸಮುದ್ರದಲ್ಲಿ ಆರಂಭವಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದ ವಿದ್ಯುತ್ತು ಕಾವೇರಿಯ ಹರಿವನ್ನು ನೆಚ್ಚಿಕೊಂಡಿತ್ತು. ಬೆಸ್ಕಾಂ ಉತ್ಪಾದಕ ಸಂಸ್ಥೆಯಲ್ಲ, ಅದು ಹಂಚುವ ಸಂಸ್ಥೆ. ಮಹಡಿಯ ಮೇಲೆ ಸೌರಫಲಕ ಹಾಕಿಸಿ ಬಳಸಿದ್ದನ್ನೂ ಗ್ರಿಡ್ಡಿಗೆ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರ್ ಪಡೆದ ಗ್ರಾಹಕರು ಮಾತ್ರ ಉತ್ಪಾದಕರೂ ಹೌದು.

ಮಾತಿಗೂ ಪ್ರೊಡಕ್ಷನ್ ಎನ್ನುತ್ತಾರೆಯೆ?

ಎನ್ನುತ್ತಾರೆ. ಭಾಷಾವಿಜ್ಞಾನದಲ್ಲಿ ಅರ್ಥಮಾಡಿಕೊಳ್ಳುವ ಶಕ್ತಿ ಬೇರೆ, ಮಾತನ್ನು ಹೊರಡಿಸುವ ಶಕ್ತಿ ಬೇರೆ. ‘ಚೆಂಡು ತಗೊಂಡು ಬಾ’ ಎಂದರೆ ತರುವ ಮಗು ‘ಚೆಂಡು’ ಎನ್ನಲು ಇನ್ನೂ ಕೆಲವು ತಿಂಗಳು ಬೇಕಾಗಬಹುದು. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಹೇಳಿದ್ದೆಲ್ಲ ಬಹುಮಟ್ಟಿಗೆ ತಿಳಿಯುತ್ತದೆ, ಮಾತು ಹೊರಡುವುದಿಲ್ಲ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಇಂಥ ಒಬ್ಬ ರೋಗಿಯ ಮಿದುಳಿನ ಎಡಭಾಗದ ಹಾನಿಯನ್ನು ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳ ವಾಕ್ ಚಿಕಿತ್ಸಕರು ಎರಡೂ ಶಕ್ತಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ.

‘ಪ್ರೊಡಕ್ಷನ್ ಎಂಜಿನಿಯರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನೋಡಿದರೆ ಯಾವ ಕೆಲಸವೆಂದು ತಿಳಿಯುವುದು ಹೇಗೆ?

ಕೇಳಿರುವ ಅರ್ಹತೆಗಳನ್ನು ನೋಡಬೇಕು. ಮೆಕ್ಯಾನಿಕಲ್ ಡಿಪ್ಲೊಮಾ, ಸಿಎನ್‌ಸಿ, ಮೂರು ಶಿಫ್ಟು, ಕಂಪನಿ ಬಸ್ಸು ಎಂದಿದ್ದರೆ ಅದು ಪೀಣ್ಯ, ಬೊಮ್ಮಸಂದ್ರ ಅಥವಾ ಬಿಡದಿಯ ಕಾರ್ಖಾನೆಯ ಕೆಲಸ. ಲಿನಕ್ಸ್, ಕ್ಲೌಡ್, ಆನ್-ಕಾಲ್ (ತೊಂದರೆಯಾದರೆ ಯಾವ ಹೊತ್ತಿನಲ್ಲೂ ಕರೆಗೆ ಸಿಗಬೇಕಾದ ಸರದಿ) ಎಂದಿದ್ದರೆ ಸಾಫ್ಟ್‌ವೇರಿನ ಚಾಲ್ತಿ ವ್ಯವಸ್ಥೆಯನ್ನು ಕಾಯುವ ಕೆಲಸ. ‘ಪ್ರೊಡಕ್ಷನ್ ಎಕ್ಸಿಕ್ಯೂಟಿವ್’ ಎಂದಿದ್ದರೆ ಅದು ಟಿವಿ ವಾಹಿನಿಯದ್ದೂ ಆಗಿರಬಹುದು, ಮುದ್ರಣಾಲಯದ್ದೂ ಆಗಿರಬಹುದು. ಇದನ್ನು ಫೋನ್ ಮಾಡಿಯೇ ತಿಳಿದುಕೊಳ್ಳಬೇಕು. ಕಾರ್ಖಾನೆಯವರು ಸಂಬಳದ ಜೊತೆಗೆ ‘ಪ್ರೊಡಕ್ಷನ್ ಇನ್ಸೆಂಟಿವ್’ ಕೊಡುತ್ತೇವೆಂದರೆ, ಅದನ್ನು ಯಂತ್ರದಿಂದ ಹೊರಬಂದ ಸಂಖ್ಯೆಯ ಮೇಲೆ ಕೊಡುತ್ತಾರೋ ಪರೀಕ್ಷೆಯಲ್ಲಿ ಪಾಸಾದ ಸಂಖ್ಯೆಯ ಮೇಲೋ, ಒಬ್ಬರ ಲೆಕ್ಕವೋ ಇಡೀ ಲೈನಿನದ್ದೋ ಎಂಬುದನ್ನು ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಸಾಫ್ಟ್‌ವೇರಿನ ಕೆಲಸವಾದರೆ ತಿಂಗಳಿಗೆ ಎಷ್ಟು ರಾತ್ರಿ ಆನ್-ಕಾಲ್ ಇರಬೇಕು, ಅದಕ್ಕೆ ಭತ್ಯೆ ಇದೆಯೇ ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಬಹುದು.